ಹತ್ತು ಅಂಕದ ಪ್ರಶ್ನೆ

ಹಂಪನಕಟ್ಟೆಯ ಕಾಲೇಜಿನ ಮೇಲ್ಮಹಡಿ, ಮೇ ತಿಂಗಳು,
ಮೌಲ್ಯಮಾಪನದ ಮೂರನೇ ದಿನ.
ಫ್ಯಾನು ಹಾಕಿದರೆ ಉತ್ತರಪತ್ರಿಕೆ ಹಾರುತ್ತದೆ,
ನಿಲ್ಲಿಸಿದರೆ ನಾವು ಬೇಯುತ್ತೇವೆ.
ಕಟ್ಟಿನ ಮೇಲೆ ಒಂದೊಂದು ಹಂಚಿನ ಚೂರು ಇಟ್ಟಿದ್ದೇವೆ,
ಮಾಡು ರಿಪೇರಿಗೆ ಬಂದವರು ಬಿಟ್ಟುಹೋದದ್ದು.

ಪ್ರಶ್ನೆ ಏಳು, ಬಿ:
ಬ್ರಿಟಿಷ್ ಸಂಪ್ರದಾಯವಾದದ ಮೂಲ ವಿಚಾರಗಳನ್ನೂ
ಅದು ಬೆಳೆದುಬಂದ ಬಗೆಯನ್ನೂ ವಿವರಿಸಿ.

ಮೂವತ್ತೊಂದು ಪತ್ರಿಕೆ. ಮೂವತ್ತೊಂದರಲ್ಲೂ ಒಂದೇ ಗೈಡಿನ ವಾಸನೆ.
ಮನುಷ್ಯ ಅಪೂರ್ಣ. ಸರಿ ಗುರುತು.
ಸಮಾಜ ಯಂತ್ರವಲ್ಲ, ಮರ. ಸರಿ.
ಫ್ರಾನ್ಸಿನಲ್ಲಿ ತಲೆಗಳು ಉರುಳಿದಾಗ ಆಚೆ ದಡದವರು
ತಮ್ಮ ಹೆದರಿಕೆಗೊಂದು ತತ್ವ ಕಟ್ಟಿಕೊಂಡರು
ಎಂದು ಯಾರೂ ಬರೆದಿಲ್ಲ,
ಬರೆದಿದ್ದರೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ.

ಮೂವತ್ತೆರಡನೆಯದು. ನೀಲಿ ಶಾಯಿ, ಎಡಕ್ಕೆ ವಾಲಿದ ಅಕ್ಷರ.

"ನನ್ನ ಅಜ್ಜ ದೂಮ ಪೂಜಾರಿ ಹೆಜಮಾಡಿಯಲ್ಲಿ
ಚಾಲಗೇಣಿಯ ಒಕ್ಕಲು" ಎಂದು ಶುರು.
ವಿಷಯಾಂತರ ಎಂದು ಬರೆಯಹೊರಟ ಕೆಂಪು ಪೆನ್ನು
'ವಿ'ಯಲ್ಲೇ ನಿಂತಿತು.

"ವರ್ಷಕ್ಕೆ ಹದಿನೆಂಟು ಮುಡಿ ಅಕ್ಕಿ ಧಣಿಯ ಚಾವಡಿಗೆ ಹೊತ್ತು
ಮೆಟ್ಟಿಲ ಕೆಳಗೆ ನಿಂತು ಲೆಕ್ಕ ಕೇಳಿಸಿಕೊಳ್ಳುವುದು
ಹಿಂದಿನಿಂದ ಬಂದ ರೂಢಿ.
ರೂಢಿಯೊಳಗೆ ಸತ್ತವರ ವಿವೇಕ ಇರುತ್ತದೆಂದು ಪಾಠದಲ್ಲಿದೆ.
ಇರಬಹುದು.
ಯಾವ ಸತ್ತವರ, ಎಂದು ಪಾಠದಲ್ಲಿಲ್ಲ.

ಆ ದೇಶದವರು ಜಾಣರು. ಮುರಿಯುವ ಮೊದಲು ಬಾಗಿದರು,
ಬೇಡವೆಂದಿದ್ದ ಮತವನ್ನು ತಾವೇ ಕಾರ್ಮಿಕನ ಕೈಗಿತ್ತರು,
ಬಂಗಲೆಯೂ ಗುಡಿಸಲೂ ಒಂದೇ ಮನೆಯ ಕೋಣೆಗಳೆಂದರು
(ಬಾಡಿಗೆ ಬೇರೆ ಬೇರೆ),
ಯುದ್ಧದ ನಂತರ ಎದುರಾಳಿ ಕಟ್ಟಿದ ಆಸ್ಪತ್ರೆಯನ್ನು
ಕೆಡವದೆ ಬಿಟ್ಟರು.
ಮುಂದೆ ಅದೇ ಪಕ್ಷ, ಮಾರುಕಟ್ಟೆಯೊಂದಿದ್ದರೆ ಸಾಕೆಂದು
ಗಣಿಯ ಊರುಗಳಿಗೆ ಬೀಗ ಜಡಿದಾಗ
ಕಾಪಾಡುವುದೆಂದರೆ ಏನನ್ನು ಎಂದು
ಅವರವರಲ್ಲೇ ಜಗಳವಾಯಿತು.

ಅಜ್ಜ ಕಾಯಲಿಲ್ಲ. ಎಪ್ಪತ್ತೈದರಲ್ಲಿ ಬಸ್ಸು ಹತ್ತಿ
ಉಡುಪಿಗೆ ಹೋಗಿ ಡಿಕ್ಲರೇಶನ್ ಕೊಟ್ಟ.
ಧಣಿ ಮಾತು ಬಿಟ್ಟರು.
ಒಂದು ಸೀಲು ಬಿತ್ತು, ನಾಲ್ಕು ತಲೆಮಾರು ಮುಗಿಯಿತು.
ಮಳೆ ಎಂದಿನಂತೆ ಬಂತು.

ಆದರೆ ಗದ್ದೆ ಸ್ವಂತದ್ದಾದ ಮೇಲೆ,
ನಡುವಿನ ಸೊಟ್ಟ ಕಟ್ಟಪುಣಿಯನ್ನು ನೇರ ಮಾಡಲು
ನನ್ನ ಮಾವ ಹಾರೆ ಎತ್ತಿದಾಗ ಅಜ್ಜ ಅಡ್ಡ ನಿಂತ:
ಇದು ಯಾಕೆ ಸೊಟ್ಟ ಉಂಟು ಗೊತ್ತುಂಟಾ ನಿನಗೆ?
ಅಜ್ಜನಿಗೂ ಗೊತ್ತಿರಲಿಲ್ಲ.
ಹೊಳೆಗೂ ಉಪ್ಪುನೀರಿಗೂ ಏನೋ ಮಾತಿರಬೇಕು ಎನ್ನುತ್ತಿದ್ದ.
ಈಗ ಅದರ ಮೇಲೆ ಚತುಷ್ಪಥ.
ಹೆದ್ದಾರಿಯವರು ಅಂಥದ್ದನ್ನೆಲ್ಲ ಕೇಳುವುದಿಲ್ಲ.

ಇನ್ನೊಂದನ್ನೂ ಬರೆಯಬೇಕು.
ಸಂಜೆ ಕೂಲಿಗೆ ಬರುವ ತನಿಯ ನಮ್ಮ ಜಗಲಿಯ
ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದ.
ಯಾಕೆ ಎಂದು ನಾನು ಕೇಳಿದ್ದೆ, ಆಗ ನನಗೆ ಆರು ವರ್ಷ.
ಅದು ಹಾಗೆಯೇ ಬಂದದ್ದು ಮಗಾ, ಎಂದ ಅಜ್ಜ.

ಸಮಯ ಸಾಲದ್ದರಿಂದ ಉಪಸಂಹಾರ ಬರೆದಿಲ್ಲ."

ಚಾ ಬಂತು. ಪಕ್ಕದ ಡಯಾಸ್ ಸರ್ ಇಪ್ಪತ್ತನೇ ಕಟ್ಟು ಬಿಚ್ಚಿದರು.
ನನ್ನ ತಾಯಿಮನೆಗೂ ಚಾವಡಿಯಿತ್ತು, ಅದಕ್ಕೂ ಮೆಟ್ಟಿಲು.
ಎಷ್ಟು, ಎಂದು ಈಗ ಎಣಿಸಲು ನೋಡಿದರೆ
ಮೇಲಿನಿಂದ ಮಾತ್ರ ನೆನಪಿದೆ.

ಮಾದರಿ ಉತ್ತರದಲ್ಲಿ ಅಜ್ಜನಿಗೆ ಅಂಕವಿಲ್ಲ, ತನಿಯನಿಗೂ.
ಲೆಕ್ಕ ಹಾಕಿದರೆ ಐದೂವರೆ.
ಆರು ಬರೆದೆ. ಹೊಡೆದು ಎಂಟು ಮಾಡಿದೆ.
ತಿದ್ದಿದ ಕಡೆ ಸಹಿ ಬೇಕೆಂಬುದು ಹಳೇ ನಿಯಮ,
ಯಾಕೆಂದು ನನಗೆ ಗೊತ್ತು.
ಹಾಕಿದೆ.