ಷರಾ

ಪೊನ್ನಂಪೇಟೆಯ ಕಚೇರಿಯ ಮಾಡಿನ ಮೇಲೆ
ಇಡೀ ಹಗಲು ಸೂರ್ಯನನ್ನೇ ದಿಟ್ಟಿಸುವ ಯಂತ್ರವೊಂದಿದೆ.
ಅದರ ಕಣ್ಣೊರೆಸುವುದು ನನ್ನ ಕೆಲಸ.
ಏಣಿ, ಹತ್ತಿಬಟ್ಟೆ, ಒಂದು ಸೀಸೆ ಸ್ಪಿರಿಟ್ಟು.
ಮೊನ್ನೆ ಅದರ ಕೊಳವೆಯೊಳಗೆ ಕಣಜವೊಂದು
ಮಣ್ಣಿನ ಗೂಡು ಮೆತ್ತಿ, ಮೂರು ದಿನ
ಕೊಡಗಿನ ಮೇಲೆ ಕಡುಗತ್ತಲೆಯೆಂದು ವರದಿ ಹೋಯಿತು.

ಮಧ್ಯಾಹ್ನ ಒಂದೂವರೆಗೆ ಉಪಗ್ರಹ ದಾಟುತ್ತದೆ.
ನಾನಾಗ ಡಬ್ಬಿ ಬಿಚ್ಚಿರುತ್ತೇನೆ.
ಒಂದು ಕಡಂಬುಟ್ಟು ಮುರಿದು ಸಾರಿಗೆ ಅದ್ದುವಷ್ಟರಲ್ಲಿ
ಕುಟ್ಟದಿಂದ ಕೊಡ್ಲಿಪೇಟೆ ಮುಗಿಸಿರುತ್ತದೆ,
ಬಸ್ಸಿಗಾದರೆ ಅರ್ಧ ಹಗಲು,
ಗೋಣಿಕೊಪ್ಪದಲ್ಲಿ ಡ್ರೈವರು ಚಹಾ ಕುಡಿಯದಿದ್ದರೆ.

ಅದು ಮೇಲಿನಿಂದ ಎಣಿಸುತ್ತದೆ, ನಾವು ಕೆಳಗಿನಿಂದ.
ನಡುವೆ ಸೋರಿಹೋದ ಬೆಳಕನ್ನು
ಇಷ್ಟು ಹೊಗೆಗೆ, ಇಷ್ಟು ದೂಳಿಗೆ, ಇಷ್ಟು ಬೂದಿಗೆ
ಎಂದು ಪಾಲು ಹಾಕುವವರು ಹೈದರಾಬಾದಿನಲ್ಲಿದ್ದಾರೆ.
ಮೇ ತಿಂಗಳ ದೂಳು ಅರಬರ ಮರಳುಗಾಡಿನದಂತೆ.
ಹಗ್ಗದ ಮೇಲಿನ ಬಿಳಿಪಂಚೆಗೆ ಬೆರಳೆಳೆದು ನೋಡಿದೆ:
ಒಂಟೆಯ ಬಣ್ಣ.
ಯಾವ ದೇಶದ್ದಾದರೇನು ಎಂದು ಅವ್ವ
ಮತ್ತೊಮ್ಮೆ ಒಗೆಯಲು ಹಾಕಿದಳು.
ಪುತ್ತರಿಗೆ ಮೂರು ದಿನ ಇರುವಾಗ
ಕಡಲಾಚೆ ಬೆಟ್ಟವೊಂದು ಕಾರಿದ ಬೂದಿ
ನಮ್ಮ ನೆತ್ತಿಯ ಮೇಲೆ, ವಿಮಾನಗಳಿಗಿಂತ ಎತ್ತರದಲ್ಲಿ ಹಾಯುತ್ತಿತ್ತು.
ಪರದೆಯಲ್ಲಿ ಕಂದು ಬಾಲ.
ಹೊರಬಂದು ಕತ್ತೆತ್ತಿದರೆ ಬರೀ ನೀಲಿ,
ಯಾರೋ ಕೋವಿ ಒರೆಸುತ್ತ ಕೂತಿದ್ದರು.

ಮಾರ್ಚಿ ಹದಿನಾಲ್ಕಕ್ಕೆ ಫೋನು.
‘ಮೇಡಂ, ಬಾಳೆಲೆ ಕಡೆ ಒಂದು ಬಿಳಿ ಮಚ್ಚೆ.
ಮೊನ್ನೆ ಇರಲಿಲ್ಲ.
ಬೂದಿಯೋ, ಹೊಗೆಯೋ, ಬಿಸಿಯಂತೂ ಕಾಣುತ್ತಿಲ್ಲ.
ಹೋಗಿ ನೋಡಿ ಷರಾ ಬರೆಯಿರಿ.’
ಜೀಪಿನ ಹಿಂದೆ ವಾಚರ್ ಮುದ್ದ,
ಮಡಿಲಲ್ಲಿ ಬೆಂಕಿ ಬಡಿಯುವ ಹಸಿ ಸೊಪ್ಪಿನ ಕಟ್ಟು.
ಇನ್ನೂ ಎರಡು ತಿರುವಿರುವಾಗಲೇ ಮೂಗೆತ್ತಿ
‘ಹೊಗೆಯಲ್ಲ’ ಅಂದುಬಿಟ್ಟ.

ಹೂಮಳೆ ಬಿದ್ದು ಒಂಬತ್ತನೆಯ ದಿನ.
ನಲವತ್ತು ಎಕರೆ ರೊಬಸ್ಟಾ
ಗೆಣ್ಣುಗೆಣ್ಣಿಗೂ ಬಿಳಿ ಕಟ್ಟಿಕೊಂಡು ನಿಂತಿದೆ.
ಜೇನಿನ ಸದ್ದಿಗೆ ಎದೆಗೂಡೇ ಗುಂಯ್‌ಗುಡುತ್ತಿತ್ತು.
ನಗು ಬಂತು ನನಗೆ.
ಆಕಾಶದಲ್ಲಿ ಅಷ್ಟೊಂದು ದುಬಾರಿ ಕಣ್ಣು,
ಹೂವನ್ನು ಕಂಡು ಬೆಂಕಿಯ ಇಲಾಖೆಗೆ ದೂರು!

ಮುದ್ದ ನಗಲಿಲ್ಲ.
ಒಂದು ಬುಡದ ಮೇಲೆ ನಿಂತಿದ್ದ,
ಗೋಳಿಯದೋ ಹಲಸಿನದೋ, ಕೊಯ್ದ ಮೈ ಇನ್ನೂ ಹಸಿ.
‘ಹೋದ ವರ್ಷವೂ ಇಲ್ಲಿ ಹೂ ಬಿಟ್ಟಿತ್ತು ಮೇಡಮ್ಮ.
ಆಗ ಯಾಕೆ ಕಾಣಲಿಲ್ಲ ಅದಕ್ಕೆ?’

ಆಗ ಕತ್ತೆತ್ತಿದೆ.
ತೋಟದ ನಡುವೆ ನಿಂತು ನೆತ್ತಿ ಸುಡಬಾರದಿತ್ತು.

ಷರಾದ ಕಾಲಮ್ಮಿಗೆ ಇಪ್ಪತ್ತನಾಲ್ಕೇ ಅಕ್ಷರ.
ಕೊಂಬು, ಒತ್ತು, ಚುಕ್ಕಿ, ಖಾಲಿ ಜಾಗ
ಎಲ್ಲವನ್ನೂ ಅದು ಅಕ್ಷರವೆಂದೇ ಎಣಿಸುತ್ತದೆ.
‘ಹೊಗೆಯಲ್ಲ. ಕಾಫಿ ಹೂವು.’ ಎಂದು ಬರೆದೆ.
‘ಮೂವತ್ತೊಂದು’ ಎಂದು ಕೂಗಿದ ಮುದ್ದ, ಆಚೆ ಬೇಲಿಯಿಂದ,
ಒಂದೊಂದು ಬುಡವನ್ನೂ ಕಾಲಿನಿಂದ ಮುಟ್ಟಿ ಮುಗಿಸಿ.
೩೧ ಎಂದು ಸೇರಿಸಿದೆ.
ಮರ ಎಂಬೆರಡಕ್ಷರಕ್ಕೆ ಜಾಗ ಸಾಲಲಿಲ್ಲ.

ಮಾರನೆಯ ದಿನ ಉತ್ತರ:
‘ವಂದನೆಗಳು. ಮಚ್ಚೆಯನ್ನು ಅಳಿಸಿದ್ದೇವೆ.
೩೧ ಎಂದರೇನು ಮೇಡಂ? ಸ್ಥಳದ ಉಷ್ಣಾಂಶವೇ?’

ಒಂದೂವರೆಗೆ ಹತ್ತು ನಿಮಿಷ ಇತ್ತು.
ಡಬ್ಬಿ ಬಿಚ್ಚದೆ ಏಣಿ ಹಾಕಿದೆ.