ಮೂಗು ಹೋದ ಮೇಲೆ

ಮಾಟುಂಗಾದ ಹೋಟೆಲಿನ ಹಿಂಬಾಗಿಲಲ್ಲಿ
ಮೂವತ್ತೊಂದು ವರ್ಷ ನನ್ನ ಮೂಗಿಗೆ ಸಂಬಳ.
ಬೆಳಗ್ಗೆ ಐದೂವರೆಗೆ ಭಿವಂಡಿಯ ಟೆಂಪೋ,
ಐಸಿನ ನೀರು ತೊಟ್ಟಿಕ್ಕುವ ನೀಲಿ ಡಬ್ಬ.
ಒದ್ದೆ ಬಟ್ಟೆ ಸರಿಸಿ ಬಗ್ಗಿದರೆ ಸಾಕು,
ಇದು ಇಂದಿನ ಪನೀರು, ಇದು ನಿನ್ನೆಯದು,
ಇದು ನಿನ್ನೆಯದೆಂದು ಹೇಳಿ ಮಾರುವ ಮೊನ್ನೆಯದು.
"ವಾಪಸು ಒಯ್ಯಿ" ಅಂದರೆ
ಕೊರಗಪ್ಪ ಶೆಟ್ರೂ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ.

ಆಮೇಲೆ ಆ ವರ್ಷದ ಜ್ವರ. ಹದಿನೇಳು ದಿನ.
ಪ್ರಾಣ ಬಿಟ್ಟುಕೊಟ್ಟು ಮೂಗು ಒಯ್ದಿತು.
ಕರ್ಪೂರ, ಫಿನಾಯಿಲು, ಗುಲಾಬಿಯ ತಲೆಯ ತೆಂಗಿನೆಣ್ಣೆ
ಎಲ್ಲ ಈಗ ಬರೀ ಗಾಳಿ.

ಡೊಂಬಿವಲಿಯ ಈ ಅಡುಗೆಮನೆಯಲ್ಲಿ
ಕಾಲು ಕಿಲೋ ಪನೀರು ನನ್ನ ಪಾಲಿನ ಸ್ಟೋರು.
ಕುದಿಸಿ ಆರಿಸಿದ ನೀರು, ಮುಳುಗುವಷ್ಟು,
ಗಾಜಿನ ಡಬ್ಬ, ಬಿಗಿ ಮುಚ್ಚಳ.
ಫ್ರಿಜ್ಜಿನ ಒಳಗೋಡೆಗೆ ಒತ್ತಿ ಇಡಬೇಕು, ಬಾಗಿಲಲ್ಲಲ್ಲ;
ಬಾಗಿಲು ದಿನಕ್ಕೆ ನಲವತ್ತು ಸಲ ಮೇ ತಿಂಗಳನ್ನು ನೋಡುತ್ತದೆ.
ಹಸಿ ಬಂಗುಡೆ ಕೆಳಗೆ, ಇದು ಮೇಲೆ
ನಾನು ಒಪ್ಪುವ ಪಂಕ್ತಿಭೇದ ಇದೊಂದೇ.
ದಿನಾ ಹೊಸ ನೀರು. ಬರಿಗೈ ಹಾಕುವ ಹಾಗಿಲ್ಲ.
ಮುಚ್ಚಳದ ಮೇಲೆ ಕಾಗದದ ಪಟ್ಟಿ: ಸೋಮವಾರ.
ಗುರುವಾರ ಅದಕ್ಕೆ ಈ ಮನೆಯಲ್ಲಿ ಜಾಗವಿಲ್ಲ.

"ಹೋಟೆಲಲ್ಲೂ ಹೀಗೆ ಚೀಟಿ ಅಂಟಿಸ್ತಿದ್ರಾ?"
ಗುಲಾಬಿ ಕೇಳುತ್ತಾಳೆ, ಬೇಕೆಂದೇ.
ಆಗ ಚೀಟಿ ನಾನೇ ಆಗಿದ್ದೆ ಅನ್ನಲೇ?

ಮಂಗಳವಾರ ರಾತ್ರಿ ಕರೆಂಟು ಹೋಯಿತಂತೆ.
ಎಷ್ಟು ಹೊತ್ತು? ಮಲಗಿದ್ದವರಿಗೆ ಏನು ಗೊತ್ತು.
ಬೆಳಗ್ಗೆ ನೋಡಿದರೆ ಐಸಿನ ಚೌಕಗಳು ಮೂಲೆ ಕಳಕೊಂಡು
ಒಂದನ್ನೊಂದು ತಬ್ಬಿದ್ದವು,
ಅಂದರೆ ಕರಗಿ, ಮತ್ತೆ ಹುಟ್ಟಿದ್ದವು.
"ಎರಡನೇ ದಿನವಷ್ಟೆ," ಅಂದಳು ಗುಲಾಬಿ,
"ನಿಮ್ಮ ಚೀಟಿಯೇ ಹೇಳ್ತದಲ್ಲ."

ಐಸಿನ ಸಾಕ್ಷಿ ಸಾಕಿತ್ತು ಎಸೆಯಲು.
ಆದರೂ ಮೊಮ್ಮಗಳನ್ನು ಕರೆದೆ.
ಎಂಟು ವರ್ಷದ ಚಾರ್ವಿ, ಹಲ್ಲುಜ್ಜುತ್ತಿದ್ದವಳು,
ಬಾಯಿ ಮುಕ್ಕಳಿಸಿ ಬಂದು ಬಗ್ಗಿದಳು
ನಾನು ಬಗ್ಗುತ್ತಿದ್ದ ಹಾಗೇ, ಕಣ್ಣು ಮುಚ್ಚಿ.
"ಹೇಗಿದೆ?"
"ಅಜ್ಜಾ, ಟಿಫಿನ್ ಡಬ್ಬ ಶನಿವಾರ ಬ್ಯಾಗಲ್ಲೇ ಮರೆತು
ಸೋಮವಾರ ತೆಗೆದ ಹಾಗೆ...
ಅಲ್ಲ, ಇನ್ನೂ ಅಷ್ಟಾಗಿಲ್ಲ.
ಭಾನುವಾರ."

ಗುಲಾಬಿ ನೂರ ಹತ್ತು ರೂಪಾಯಿಯ ಲೆಕ್ಕ ಹೇಳಿದಳು,
ನಾನು ಕಸದ ಚೀಲದ ಬಾಯಿ ಕಟ್ಟಿದೆ.
ತೊಳೆದ ಡಬ್ಬವನ್ನು ಅಭ್ಯಾಸಬಲದಿಂದ
ಮೂಗಿನ ಹತ್ತಿರ ಹಿಡಿದು, ನಾಚಿ,
ಬಾಲ್ಕನಿಯ ಬಿಸಿಲಿಗೆ ಕವುಚಿ ಹಾಕಿದೆ.

ಸಂಜೆ ಹೊಸ ಪನೀರು ಬಂತು.
ಪೆನ್ನು ಅವಳ ಕೈಗೇ ಕೊಟ್ಟೆ.
ಬುಧವಾರ ಎಂದು ಬರೆದಳು, ಮರಾಠಿಯಲ್ಲಿ.
ಓದಿಕೊಂಡೆ.