ನಾತದ ಬಾಡಿಗೆ

ರಾಸಿಂ ಅಣ್ಣಾ,
ಕೇಳಿದ್ದೆಯಲ್ಲ, ತುಜ್ಲಾದಲ್ಲಿ ಚಹಾ ಎಷ್ಟೆಂದು.
ಇಲ್ಲಿ ಚಹಾ ತರುವವರೇ ಇಲ್ಲ.
ಮೆಟ್ಟಿಲ ಪಕ್ಕದಲ್ಲೊಂದು ಯಂತ್ರ,
ನಾಣ್ಯ ನುಂಗಿ ಕಾಗದದ ಲೋಟಕ್ಕೆ ಉಗುಳುತ್ತದೆ.
ತಿಂಗಳ ಕೊನೆಗೆ ಕೊಡು ಬೆದ್ರಿಯೆ, ಅನ್ನಲು
ಅದಕ್ಕೆ ಬಾಯಿಲ್ಲ.

ತೊಗಲು ಹದ ಮಾಡುವವರನ್ನು ಊರಾಚೆ ಇಡುವುದು
ಹೊಸ ಮಾತಲ್ಲ.
ಸುಲ್ತಾನರೂ ಕೋಟೆಗೋಡೆಯ ಆಚೆಗೇ ಇಟ್ಟಿದ್ದರಂತೆ.
ಇಸ್ತಾಂಬುಲ್ ಬೆಳೆಯುತ್ತ ಬೆಳೆಯುತ್ತ
ಆ ಆಚೆಯನ್ನೂ ನುಂಗಿತು,
ನುಂಗಿದ ಮೇಲೆ ಮೂಗು ಮುಚ್ಚಿಕೊಂಡಿತು.

ನಾನು ಲೆಕ್ಕದವಳು. ಅಳುವಿಗೆ ಖಾತೆ ತೆರೆದವಳಲ್ಲ.
ಒಳ್ಳೆಯದನ್ನೇ ಮೊದಲು ಬರೆಯುತ್ತೇನೆ:
ಸುಣ್ಣದವನು, ಬಣ್ಣದವನು, ಗುಂಡಿಯವನು, ಜಿಪ್ಪಿನವನು
ಎಲ್ಲರೂ ಒಂದೇ ಬೀದಿ.
ಮೂರು ದಿನ ಕಾಯುತ್ತಿದ್ದ ಸರಕು
ಈಗ ಕೂಗಿದರೆ ಬರುತ್ತದೆ.
ಕೊಳೆನೀರಿಗೆ ಎಲ್ಲ ಕಾರ್ಖಾನೆ ಸೇರಿ ಒಂದೇ ತೊಟ್ಟಿ,
ಹಂಚಿಕೊಂಡರೆ ತಲೆಗೆ ಇಷ್ಟೇ ಇಷ್ಟು.
ಯಜಮಾನ ಬೈದರೆ ಹುಡುಗರು ರಸ್ತೆ ದಾಟಿ
ಎದುರು ಗೇಟಿನಲ್ಲಿ ಕೆಲಸ ಕೇಳಬಹುದು.

ಕೇಳಬಹುದು.
ಎದುರಿನ ಯಜಮಾನ, ನಮ್ಮ ಯಜಮಾನ
ಶುಕ್ರವಾರದ ನಮಾಜು ಮುಗಿಸಿ ಒಂದೇ ಮೇಜಿನಲ್ಲಿ ಮೀನು ತಿನ್ನುತ್ತಾರೆ.
ಮುಳ್ಳು ಬಿಡಿಸುತ್ತ ಕೂಲಿ ನಿಗದಿಯಾಗುತ್ತದೆ.
ಸೋಮವಾರಕ್ಕೆ ಬೀದಿಗೆ ಬೀದಿಯೇ ಒಂದೇ ದರ.

ಮತ್ತೆ ದಾರಿ. ಒಂದು ದೋಣಿ, ಒಂದು ರೈಲು, ಒಂದು ಬಸ್ಸು,
ಹೋಗಿ ಬರಲು ನಾಲ್ಕು ಗಂಟೆ.
ಇದನ್ನು ಯಾವ ಕಾಲಂಗೆ ಹಾಕಲಿ?
ಏರಿದ ಸಂಬಳ ಟಿಕೆಟ್ ಕಿಟಕಿಯಲ್ಲೇ ಕರಗುತ್ತದೆಂದು
ಸೆಲಾಹತ್ತಿನ್ ಅಲ್ಲೇ ಕೋಣೆ ಹಿಡಿದ.
ಕೂಲಿ ಏರಿದ ತಿಂಗಳೇ ಬಾಡಿಗೆಯೂ ಏರಿತು.
ಆ ಮಾಲೀಕ ಹಿಂದೆ ಅದೇ ನೆಲದಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದನಂತೆ,
ಈಗ ಕೋಣೆ ಬೆಳೆಯುತ್ತಾನೆ.
ವರ್ಷಕ್ಕೆ ಹನ್ನೆರಡು ಕೊಯ್ಲು.

ನನ್ನ ಮನೆ ನಿನ್ನ ಅಂಗಡಿಗೆ ಎರಡೇ ಬೀದಿ,
ಆದರೂ ನೀನು ಬಾಗಿಲು ತೆರೆಯುವ ಮುಂಚೆ ಹೊರಟು
ಹಾಕಿದ ಮೇಲೆ ಬರುವವಳು.
ಭಾನುವಾರವೇ ನೋಡಿದ್ದು:
ನಲವತ್ತು ಲೋಟದ ತಟ್ಟೆ ಮೊಳೆಗೆ ನೇತಾಡುತ್ತಿತ್ತು,
ಒಲೆಯ ಬಳಿ ಆರೇ ಆರು ಲೋಟ.
ಕ್ಷೌರದ ಹಮ್ದಿಯ ಕುರ್ಚಿಯಲ್ಲಿ ಹಮ್ದಿಯೇ ಕೂತು ತೂಕಡಿಸುತ್ತಿದ್ದ.

ಬೀದಿಯಲ್ಲಿ ನಾತವಿರಲಿಲ್ಲ.
ನಲವತ್ತೆರಡು ವರ್ಷಕ್ಕೆ ಮೊದಲ ಸಲ ಸಮುದ್ರ ಮೂಗಿಗೆ ಬಂತು.
ಹಿತವಾಯಿತು, ಸುಳ್ಳು ಹೇಳಲಾರೆ.
ನಿನ್ನ ಗೋಡೆಗೆ ಯಾರೋ ಅಂಟಿಸಿದ್ದರು:
ಸಮುದ್ರ ಕಾಣುವ ಮನೆಗಳು, ಬುಕಿಂಗ್ ಶುರು.
ಸಮುದ್ರ ಮೊದಲೂ ಇಲ್ಲೇ ಇತ್ತಲ್ಲ, ಅಂದೆ ನೀನು.

ಇತ್ತು ಅಣ್ಣಾ.
ಇಷ್ಟು ವರ್ಷ ನಮ್ಮ ಬಾಡಿಗೆಯ ಅರ್ಧವನ್ನು
ಆ ನಾತವೇ ಕಟ್ಟುತ್ತಿತ್ತು,
ರಸೀದಿ ಕೇಳದೆ.
ನನ್ನಂಥ ಲೆಕ್ಕದವಳಿಗೂ ಹೊಳೆಯಲಿಲ್ಲ.

ಹದಿನೇಳು ಚಹಾದ ಹಳೆ ಬಾಕಿ ಎಣಿಸಿ ಇಟ್ಟೆ.
ನೀನು ದುಡ್ಡು ಮುಟ್ಟಲಿಲ್ಲ.
ನನ್ನ ಕೋಟಿನ ತೋಳು ಹಿಡಿದು ಮೂಸಿ ಅಂದೆ:
ಇದು ಗಿರಾಕಿಗಳ ವಾಸನೆ.

ಚೀಟಿಯನ್ನು ಷಟರಿನ ಕೆಳಗೆ ತೂರಿಸುತ್ತಿದ್ದೇನೆ.
ದುಡ್ಡೂ ಇದರೊಳಗಿದೆ, ಇಂದಿನ ದರಕ್ಕೆ.
ದೋಣಿಗೆ ಹೊತ್ತಾಯಿತು.